ಯೊಶಿದಾ ಅವರ ಹಾಯಿದೋಣಿ: ಬೆಳಗು ಮೂಡಿತು, ರಾತ್ರಿ ಬಾಕಿ

ಗೆರೆಯ ಅಚ್ಚಿನ ಕೆತ್ತನೆ ಮುಗಿದಿದೆ. ನೀರಿಗೆ, ಆಕಾಶಕ್ಕೆ, ಹಾಯಿಗೆ ಬೇಕಾದ ಬಣ್ಣದ ಅಚ್ಚುಗಳೂ ಸಿದ್ಧ. ‘ಬೆಳಗು’ ನೋಡುವಂತಾಗಿದೆ, ‘ಮಂಜು’ ಅರ್ಧಕ್ಕೆ ನಿಂತಿದೆ, ‘ರಾತ್ರಿ’ಯ ಹತ್ತಿರ ಇನ್ನೂ ಸುಳಿದಿಲ್ಲ. ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು: ಜಪಾನಿನ ಯೊಶಿದಾ ಹಿರೋಶಿ 1926ರಲ್ಲಿ ಮಾಡಿದ ಹಾಯಿದೋಣಿಗಳ ಮರದಚ್ಚು ಚಿತ್ರಗಳನ್ನು ಅಂಗೈಯಗಲಕ್ಕೆ ಇಳಿಸಿ ನಕಲು ಮಾಡುವ ಅಭ್ಯಾಸ ಇದು. ಮಾರುವುದಕ್ಕಲ್ಲ, ಗೋಡೆಗೆ ಹಾಕುವುದಕ್ಕೂ ಅಲ್ಲ. ಒಂದೇ ಜೊತೆ ಅಚ್ಚುಗಳಿಂದ ದಿನದ ಬೇರೆ ಬೇರೆ ಹೊತ್ತುಗಳು ಹೇಗೆ ಹುಟ್ಟಿದವು ಎಂಬುದು ಕೈಗೆ ತಿಳಿಯಬೇಕು, ಅಷ್ಟೇ.

ಮೂಲ ಚಿತ್ರ ದೊಡ್ಡದು, ಸುಮಾರು 51 ಸೆಂಟಿಮೀಟರ್ ಎತ್ತರ. ಸೆತೊ ಒಳನಾಡು ಸಮುದ್ರದ ಮೇಲೆ ಗಾಳಿ ಬಿದ್ದುಹೋದ ಹೊತ್ತು. ಮುಂದೊಂದು ದೋಣಿ ಹಾಯಿ ಬಿಚ್ಚಿಕೊಂಡು ನಿಂತಿದೆ, ಅದರ ನೆರಳು ನೀರಿನಲ್ಲಿ ಉದ್ದಕ್ಕೆ ಇಳಿದಿದೆ, ಹಿಂದೆ ದೂರದಲ್ಲಿ ಇನ್ನಷ್ಟು ಹಾಯಿಗಳು. ಬೆಳಗು, ಪೂರ್ವಾಹ್ನ, ಮಧ್ಯಾಹ್ನದ ಇಳಿಹೊತ್ತು, ಮಂಜು, ಸಂಜೆ, ರಾತ್ರಿ ಎಂದು ಆರು ಚಿತ್ರಗಳು. ದೋಣಿ ಕದಲುವುದಿಲ್ಲ, ಹೊತ್ತು ಮಾತ್ರ ಕದಲುತ್ತದೆ.

ಯೊಶಿದಾ ಈ ಕಸುಬಿಗೆ ಬಂದದ್ದು ತಡವಾಗಿ. 1876ರಲ್ಲಿ ಕ್ಯೂಶೂ ದ್ವೀಪದ ಕುರುಮೆಯಲ್ಲಿ ಹುಟ್ಟಿದ ಹುಡುಗನ ಕೈಚಳಕ ಕಂಡು ಚಿತ್ರಕಲೆಯ ಮೇಷ್ಟರಾಗಿದ್ದ ಯೊಶಿದಾ ಕಸಾಬುರೋ ಅವನನ್ನು ದತ್ತು ತೆಗೆದುಕೊಂಡರು. ಮನೆತನದ ಹೆಸರು ಬಂದದ್ದು ಹಾಗೆ. ಕಲಿತದ್ದು ಪಾಶ್ಚಾತ್ಯ ರೀತಿಯ ಜಲವರ್ಣ ಮತ್ತು ತೈಲವರ್ಣ. 1899ರಲ್ಲಿ ಗೆಳೆಯ ನಕಾಗವಾ ಹಚಿರೋ ಜೊತೆ ಚಿತ್ರಗಳ ಕಟ್ಟು ಹಿಡಿದುಕೊಂಡು ಅಮೆರಿಕಕ್ಕೆ ಹಡಗು ಹತ್ತಿದರು. ಡೆಟ್ರಾಯಿಟ್ ಕಲಾ ಸಂಗ್ರಹಾಲಯದಲ್ಲಿ ಪ್ರದರ್ಶನ ನಡೆಯಿತು, ಚಿತ್ರಗಳು ಚೆನ್ನಾಗಿ ಮಾರಾಟವಾದವು. ಮರದಚ್ಚಿನ ಕಡೆ ಹೊರಳಿದ್ದು 1920ರಲ್ಲಿ, ಟೋಕಿಯೊದ ಪ್ರಕಾಶಕ ವತನಬೆ ಶೋಝಾಬುರೋ ಅವರಿಗಾಗಿ ಚಿತ್ರ ಬರೆದುಕೊಟ್ಟಾಗ. ಆಗ ಅವರಿಗೆ ನಲವತ್ತು ದಾಟಿತ್ತು. ಮರುವರ್ಷ ವತನಬೆಯವರಿಗಾಗಿಯೇ ಹಾಯಿದೋಣಿಗಳನ್ನು ಒಮ್ಮೆ ಮಾಡಿದ್ದರು.

1923ರ ಸೆಪ್ಟೆಂಬರ್ 1ರ ಭೂಕಂಪ ಮತ್ತು ಅದರ ಹಿಂದೆಯೇ ಬಂದ ಬೆಂಕಿಯಲ್ಲಿ ವತನಬೆಯವರ ಅಂಗಡಿ, ಅಚ್ಚುಗಳು, ಒತ್ತಿಟ್ಟ ಹಾಳೆಗಳು ಸುಟ್ಟುಹೋದವು. ಸಂಕಷ್ಟದಲ್ಲಿದ್ದ ಕಲಾವಿದ ಮಿತ್ರರ ಚಿತ್ರಗಳನ್ನು ಮಾರಿಕೊಡಲು ಯೊಶಿದಾ ಮತ್ತೆ ಅಮೆರಿಕಕ್ಕೆ ಹೋದರು. ಅಲ್ಲಿ ಕೊಳ್ಳುವವರ ಕಣ್ಣು ಬಿದ್ದದ್ದು ಮರದಚ್ಚಿನ ಹಾಳೆಗಳ ಮೇಲೆ. ಉಕಿಯೊ-ಎ ಎಂಬ ಹಳೆಯ ಜಪಾನೀ ಮರದಚ್ಚು ಚಿತ್ರಗಳ ಸಾಧಾರಣ ಮರುಮುದ್ರಣಕ್ಕೂ ಜನ ಹಣ ಕೊಡುವುದನ್ನು ಕಂಡು, ಇದಕ್ಕಿಂತ ಚೆನ್ನಾಗಿ ಮಾಡಬಲ್ಲೆ ಎಂಬ ಹಟದಿಂದ ಊರಿಗೆ ಮರಳಿದರು. 1925ರಲ್ಲಿ, ಐವತ್ತರ ಅಂಚಿನಲ್ಲಿ, ಸ್ವಂತ ಕಾರ್ಯಾಗಾರ ಶುರು ಮಾಡಿದರು. ಮರುವರ್ಷವೇ ಜಪಾನ್ ಆಲ್ಪ್ಸ್ ಪರ್ವತಗಳ ಸರಣಿ ಬಂತು, ಸೆತೊ ಸಮುದ್ರದ ಸರಣಿಯೂ ಬಂತು. ಎರಡನೆಯ ಮಗನೂ ಹುಟ್ಟಿದ, ಅವನಿಗೆ ತಾವು ಹತ್ತಿದ ಹೊದಕಾ ಬೆಟ್ಟದ ಹೆಸರಿಟ್ಟರು. ಬೆಟ್ಟದ ಹುಚ್ಚು ಎಂದರೆ ಅದು!

ಇಲ್ಲಿ ಒಂದು ಹಳೆಯ ತಕರಾರಿದೆ. ಜಪಾನಿನಲ್ಲಿ ಚಿತ್ರ ಬರೆಯುವವನು ಒಬ್ಬ, ಕೆತ್ತುವವನು ಇನ್ನೊಬ್ಬ, ಒತ್ತುವವನು ಮತ್ತೊಬ್ಬ, ಎಲ್ಲರ ಮೇಲೆ ಹಣ ಹಾಕುವ ಪ್ರಕಾಶಕ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆಲವರು ಇದನ್ನು ಧಿಕ್ಕರಿಸಿ, ಬರೆಯುವುದು, ಕೆತ್ತುವುದು, ಒತ್ತುವುದು ಮೂರೂ ಕಲಾವಿದನದೇ ಕೈಯಾಗಬೇಕು ಎಂದರು. ಯಾಮಾಮೊತೊ ಕನಾಎ 1904ರಲ್ಲಿ ಮಾಡಿದ ಮೀನುಗಾರನ ಚಿತ್ರ ಆ ಪಂಥದ ಮೊದಲ ಗುರುತು. ಯೊಶಿದಾ ಎರಡೂ ಕಡೆ ನಿಲ್ಲಲಿಲ್ಲ. ಪ್ರಕಾಶಕನನ್ನು ಬಿಟ್ಟರು, ಕೆತ್ತುವ ಮತ್ತು ಒತ್ತುವ ಕುಶಲಿಗಳನ್ನು ತಾವೇ ಕೆಲಸಕ್ಕೆ ಇಟ್ಟುಕೊಂಡರು, ಅವರ ಪಕ್ಕದಲ್ಲೇ ಕುಳಿತರು, ಎರಡೂ ಕೆಲಸವನ್ನು ತಾವೂ ಕಲಿತರು. ತಮ್ಮ ಉಸ್ತುವಾರಿಯಲ್ಲಿ ಬಂದ ಹಾಳೆಯ ಅಂಚಿಗೆ ‘ಜಿಝುರಿ’, ಅಂದರೆ ಸ್ವತಃ ಒತ್ತಿದ್ದು, ಎಂಬ ಮುದ್ರೆ ಹಾಕಿದರು. ಬೇರೆಯವರ ಕೈಯಲ್ಲಿ ಒತ್ತಿಸಿ ಸ್ವಂತದ್ದು ಎನ್ನುವುದು ಅತಿಯಾಯಿತು ಎನ್ನುವವರಿದ್ದಾರೆ. ನಾನು ಯೊಶಿದಾ ಪಕ್ಷ. ಕೆತ್ತಿದ ಹಲಗೆ ಆರು ಚಿತ್ರಕ್ಕೂ ಒಂದೇ ಆಗಿರುವಾಗ ಚಿತ್ರ ತೀರ್ಮಾನವಾಗುವುದು ಒತ್ತುವ ಮೇಜಿನ ಮೇಲೆ. ಯಾವ ಬಣ್ಣಕ್ಕೆ ಎಷ್ಟು ನೀರು, ಯಾವ ಪದರ ಮೊದಲು, ಯಾವ ಹಾಳೆಯನ್ನು ಹರಿದು ಎಸೆಯಬೇಕು ಎಂದು ಹೇಳುವವನೇ ಅದರ ಕರ್ತೃ.

ಇನ್ನು ನನ್ನ ಮೇಜಿನ ವಿಚಾರ. ಜಪಾನಿನಲ್ಲಿ ಕಾಡು ಚೆರಿ ಮರದ ಹಲಗೆ ಬಳಸುತ್ತಾರೆ. ಕೂದಲೆಳೆಯ ಗೆರೆಯನ್ನೂ ಅದು ಮುರಿಯದೆ ಹಿಡಿದುಕೊಳ್ಳುತ್ತದೆ. ನಾನು ಗೆರೆಯ ಅಚ್ಚಿಗೆ ಹಿಡಿದದ್ದು ಹಾಲೆ ಮರ, ಚನ್ನಪಟ್ಟಣದ ಗೊಂಬೆಯ ಮರ. ಎಳೆ ನುಣುಪಾಗಿದೆ, ಉಳಿ ಸಲೀಸಾಗಿ ಹೋಗುತ್ತದೆ. ಆದರೆ ಹಗ್ಗದಷ್ಟು ಸಣ್ಣ ಗೆರೆ ಬಂದಲ್ಲಿ ಅಂಚು ಉದುರುವ ಸ್ವಭಾವ ಇದೆ, ಹೀಗಾಗಿ ಹಾಯಿಯ ಹಗ್ಗಗಳನ್ನು ಮೂಲಕ್ಕಿಂತ ದಪ್ಪ ಇಟ್ಟಿದ್ದೇನೆ. ಬಣ್ಣದ ಅಚ್ಚುಗಳಿಗೆ ಪ್ಲೈವುಡ್ ಸಾಕು.

ಪ್ರತಿ ಹಲಗೆಯ ಅಂಚಿನಲ್ಲೂ ಎರಡು ಗುರುತು ಕೆತ್ತಬೇಕು: ಮೂಲೆಯಲ್ಲಿ ಒಂದು ಲಂಬಕೋನದ ಕಚ್ಚು, ಅದೇ ಅಂಚಿನಲ್ಲಿ ಸ್ವಲ್ಪ ದೂರದಲ್ಲಿ ಒಂದು ನೇರ ಕಚ್ಚು. ಜಪಾನೀಯರು ಇದನ್ನು ಕೆಂತೊ ಎನ್ನುತ್ತಾರೆ. ಕಾಗದದ ಮೂಲೆ ಒಂದಕ್ಕೆ, ಅಂಚು ಇನ್ನೊಂದಕ್ಕೆ ತಗುಲಿ ನಿಂತರೆ ಎಷ್ಟು ಪದರ ಒತ್ತಿದರೂ ಬಣ್ಣ ಗೆರೆ ದಾಟುವುದಿಲ್ಲ. 1937ರ ನಿಕ್ಕೊ ದೇಗುಲದ ಯೋಮೆಯ್ ದ್ವಾರದ ಚಿತ್ರಕ್ಕೆ ಯೊಶಿದಾ 96 ಸಲ ಒತ್ತಿಸಿದರು. ಇಷ್ಟು ಸಲವೂ ಕಾಗದ ಅದೇ ಕಚ್ಚಿಗೆ ಬಂದು ಕೂರಬೇಕು, ಮತ್ತು ಅಷ್ಟು ಹೊತ್ತೂ ಒಂದೇ ಹದದಲ್ಲಿ ತೇವವಾಗಿರಬೇಕು. ಒಣಗಿದರೆ ಕುಗ್ಗುತ್ತದೆ, ಕುಗ್ಗಿದರೆ ಗುರುತು ತಪ್ಪುತ್ತದೆ. ನಮ್ಮ ಮಾರ್ಚ್ ತಿಂಗಳ ಸೆಕೆಗೆ ಫ್ಯಾನ್ ಹಾಕುವ ಹಾಗಿಲ್ಲ. ಹಾಳೆಗಳನ್ನು ಒದ್ದೆ ಕಾಗದದ ನಡುವೆ ಜೋಡಿಸಿ ಪ್ಲಾಸ್ಟಿಕ್‌ನಲ್ಲಿ ಸುತ್ತಿಟ್ಟು, ಬೆವರುತ್ತಾ ಒತ್ತುತ್ತಿದ್ದೇನೆ.

ಬೆಳಗಿನ ಆಕಾಶ ಈ ಸಲದ ಖುಷಿ. ಕೆಳಗೆ ದಿಗಂತದ ಬಳಿ ಹಳದಿ, ಮೇಲೆ ಹೋದಂತೆ ತಿಳಿಯಾಗಿ ಮಾಯವಾಗಬೇಕು. ಹಲಗೆಯಲ್ಲಿ ಇದಕ್ಕಾಗಿ ಕೆತ್ತಿದ್ದೇನೂ ಇಲ್ಲ, ಅದು ಬರೀ ಸಪಾಟು. ಮೇಲರ್ಧವನ್ನು ಒದ್ದೆ ಬಟ್ಟೆಯಿಂದ ಒರೆಸಿ, ದಿಗಂತದ ಕಡೆಗೆ ಬಣ್ಣದ ಒಂದು ಹನಿ, ಪಕ್ಕದಲ್ಲಿ ತಿಳಿ ಗಂಜಿಯ ಹಾಗಿರುವ ಅಕ್ಕಿ ಹಿಟ್ಟಿನ ಅಂಟು ಒಂದು ಚೂರು. ಆಮೇಲೆ ಅಗಲವಾದ ಕುಂಚವನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಎಳೆಯುತ್ತಾ ಸ್ವಲ್ಪ ಸ್ವಲ್ಪವೇ ನೀರಿನ ಕಡೆ ಸರಿಸಬೇಕು. ಕುಂಚದ ಒಂದು ತುದಿಯಲ್ಲಿ ಬಣ್ಣ, ಇನ್ನೊಂದು ತುದಿಯಲ್ಲಿ ನೀರು. ಕಾಗದ ಇಟ್ಟು, ಅದರ ಬೆನ್ನು ಉಜ್ಜುವ ದುಂಡನೆಯ ಸಾಧನವಾದ ಬಾರೆನ್‌ನಿಂದ ಉಜ್ಜಿದರೆ ಒಂದು ಆಕಾಶ. ಮುಂದಿನ ಹಾಳೆಗೆ ಇಷ್ಟನ್ನೂ ಮೊದಲಿನಿಂದ ಮಾಡಬೇಕು. ಯಂತ್ರದಂತೆ ಪ್ರತಿಗಳು ಉದುರುತ್ತವೆ ಎಂದುಕೊಂಡವರು ಒಮ್ಮೆ ಇದನ್ನು ನೋಡಬೇಕು.

ಮಂಜಿಗೆ ಬೇರೆ ಉಪಾಯ ಬೇಕಾಗಿದೆ. ಯೊಶಿದಾ ನೆರಳಿಗೆಂದೇ ಬೂದು ಬಣ್ಣದ ಪದರಗಳನ್ನು ಒತ್ತಿಸುತ್ತಿದ್ದರು. ಮೇಲೆ ಬರುವ ಬಣ್ಣ ಅದರಿಂದ ಕೊಂಚ ಕುಂದಿ, ಜಲವರ್ಣದ ಆಳ ಬರುತ್ತದೆ. ಅದನ್ನೇ ಹಿಡಿದು ಗೆರೆಯ ಅಚ್ಚನ್ನೂ ಕಪ್ಪಿನ ಬದಲು ತೆಳು ಬೂದಿನಲ್ಲಿ ಒತ್ತಿ ನೋಡಿದೆ. ಹಿಂದಿನ ದೋಣಿಗಳು ಸರಿಯಾಗಿ ಕರಗಿದವು. ಮುಂದಿನ ದೋಣಿಯೂ ಅವುಗಳ ಜೊತೆ ಹೊರಟುಹೋಗುವುದೇ ಈಗಿನ ಸಮಸ್ಯೆ. ಮುಂದಿನ ದೋಣಿಗೆ ಮಾತ್ರ ಬಣ್ಣ ಹಚ್ಚಿ ಎರಡನೆಯ ಸಲ ಒತ್ತುವ ಯೋಚನೆ ಇದೆ.

ಬೆಳಕಿನ ವಿಚಾರಕ್ಕೆ ಇತ್ತೀಚೆಗೆ ಹೆಚ್ಚು ನೋಡಿದ್ದು ಅವರ ಭಾರತದ ಚಿತ್ರಗಳನ್ನು. 1930ರ ಕೊನೆಗೆ ಹಿರಿಯ ಮಗ ತೋಶಿಯನ್ನು ಕರೆದುಕೊಂಡು ಹೊರಟವರು ಕಾಂಚನಜುಂಗಾ, ಕಾಶಿ, ಆಗ್ರಾ, ಅಜಂತಾ, ಎಲ್ಲೋರಾ, ಮದುರೆ ಎಲ್ಲವನ್ನೂ ಚಿತ್ರಿಸಿದರು. ತಾಜ್ ಮಹಲನ್ನೂ ಹಾಯಿದೋಣಿಯ ಹಾಗೆಯೇ ಹಗಲಿಗೊಮ್ಮೆ, ಮಂಜಿಗೊಮ್ಮೆ, ರಾತ್ರಿಗೊಮ್ಮೆ ನೋಡಿದ್ದಾರೆ. ನನಗೆ ತಾಜ್‌ಗಿಂತ ಫತೇಪುರ್ ಸಿಕ್ರಿಯ ಒಳಾಂಗಣ ಇಷ್ಟ: ಕಲ್ಲಿನ ಜಾಲಂದರದ ಆಚೆಯಿಂದ ಹೊಂಬಣ್ಣದ ಬೆಳಕು ಸೋರುತ್ತದೆ, ಇಡೀ ಕೋಣೆ ಬೆಚ್ಚಗಾಗುತ್ತದೆ. ಪ್ರವಾಸಿಗೆ ಬಿಸಿಲಿನಲ್ಲಿ ಕಾಣುವ ಭಾರತವನ್ನು ಬಿಟ್ಟು ನೆರಳಿನಲ್ಲಿ ಕುಳಿತು ನೋಡಿದ ಚಿತ್ರ ಅದು.

ರಾತ್ರಿಗೆ ಬಂದರೆ ದೀಪದ ತೊಡಕು. ನೀರಿನಲ್ಲಿ ಕಲಸಿದ ಬಣ್ಣ ಪಾರದರ್ಶಕ. ನೀಲಿಯ ಮೇಲೆ ಹಳದಿ ಒತ್ತಿದರೆ ದೀಪ ಹೊತ್ತುವುದಿಲ್ಲ, ಮಂಕು ಹಸಿರು ಕಲೆಯಾಗುತ್ತದೆ. ದೀಪ ಇರುವಲ್ಲಿ ನೀಲಿ ಬೀಳಲೇಬಾರದು, ಅಂದರೆ ಆ ಜಾಗವನ್ನು ಹಲಗೆಯಿಂದ ಕೆತ್ತಿ ತೆಗೆಯಬೇಕು. ತೆಗೆದರೆ ಅದೇ ಹಲಗೆಯಿಂದ ಬರುವ ಬೆಳಗಿನ ಚಿತ್ರದಲ್ಲೂ ಅಲ್ಲಿ ಬಿಳಿ ತೂತು ಉಳಿಯುತ್ತದೆ. ಹಾಗಾಗಿ ಹಗಲಿನ ಅಚ್ಚುಗಳನ್ನು ಮುಟ್ಟದೆ, ರಾತ್ರಿಯ ಕಡುನೀಲಿಗೆಂದು ಹೊಸದೊಂದು ಹಲಗೆ ಕುಯ್ಯಿಸಿ ತಂದಿದ್ದೇನೆ. ದೀಪಕ್ಕೂ ನೀರಿನಲ್ಲಿ ಅದರ ಪ್ರತಿಬಿಂಬಕ್ಕೂ ಜಾಗ ಗುರುತು ಹಾಕಿದ್ದಾಗಿದೆ. ಗೆರೆಯ ಅಚ್ಚಿನಿಂದ ಒಂದು ಪ್ರತಿ ತೆಗೆದು, ಈ ಹಲಗೆಯ ಮೇಲೆ ಬೋರಲಾಗಿ ಅಂಟಿಸಿ, ಕೆಂತೊ ಕಚ್ಚುಗಳಿಂದಲೇ ಕೆತ್ತನೆ ಶುರು ಮಾಡುವುದು ಮುಂದಿನ ಕೆಲಸ. ಕಡುನೀಲಿಯನ್ನು ಒಂದೇ ಸಲಕ್ಕೆ ದಟ್ಟವಾಗಿ ಹಚ್ಚದೆ ತೆಳುವಾಗಿ ಮೂರ್ನಾಲ್ಕು ಪದರ ಒತ್ತಬೇಕೆಂದಿದ್ದೇನೆ. ಪ್ಲೈವುಡ್ ಅಷ್ಟು ನೀರು ತಡೆಯುತ್ತದೆಯೇ ಎಂಬುದನ್ನು ಮುಂದಿನ ಸಲ ಬರೆಯುತ್ತೇನೆ.