ಕಂದಾಯದ ರಸೀದಿ ಯಾರ ಹೆಸರಿಗೆ?

ನಮ್ಮ ಶಿವಮೊಗ್ಗದ ಮನೆಗೆ ಬರುವ ಬಿಲ್ಲೆಲ್ಲ ಅಪ್ಪನ ಹೆಸರಿನಲ್ಲೇ ಇದ್ದವು. ಕರೆಂಟು, ನೀರು, ಮನೆ ಕಂದಾಯ, ಗ್ಯಾಸ್ ಪುಸ್ತಕ, ಎಲ್ಲವೂ. ಅಪ್ಪ ತೀರಿಕೊಂಡು ವರ್ಷ ಕಳೆದ ಮೇಲೂ ಹಾಗೇ ಬರುತ್ತಿದ್ದವು. ಬದಲಾಯಿಸೋಣ ಅಂದರೆ ಅಮ್ಮನಿಗೆ ಮನಸ್ಸಿರಲಿಲ್ಲ. "ಅವರ ಹೆಸರು ಇರಲಿ ಬಿಡು, ಇದ್ದರೆ ಯಾರಿಗೇನು ತೊಂದರೆ" ಅನ್ನುತ್ತಿದ್ದಳು. ಇಂಗ್ಲೆಂಡಿನಿಂದ ಫೋನಿನಲ್ಲಿ ಆ ಮಾತು ಕೇಳಿ ನಾನೂ ಸುಮ್ಮನಾಗುತ್ತಿದ್ದೆ. ಬಾಗಿಲಿಗೆ ಬರುವ ಕಾಗದದಲ್ಲಾದರೂ ಅಪ್ಪ ಇರಲಿ ಅನ್ನುವ ಆಸೆ ನನಗೂ ಇತ್ತು.

ಈ ಏಪ್ರಿಲ್‌ನಲ್ಲಿ ಊರಿಗೆ ಬಂದಾಗ, ಕಂದಾಯ ಕಟ್ಟೋಣ ಬಾ ಅಂತ ಅಮ್ಮನನ್ನು ಕರೆದುಕೊಂಡು ಮಹಾನಗರ ಪಾಲಿಕೆಗೆ ಹೋದೆ. ಆ ಒಂದು ದಿನದ ಬಗ್ಗೆ ಬರೆಯಬೇಕು ಅನ್ನಿಸಿದೆ. ಗಂಡ ಇರುವ ಕಡೆ ಹುಡುಕಿಕೊಂಡು ಪರದೇಶಕ್ಕೆ ಹೋದ ನನಗೂ, ಗಂಡ ಹೋದ ಮೇಲೆ ಅದೇ ಮನೆಯಲ್ಲಿ ಉಳಿದ ಅಮ್ಮನಿಗೂ ಎದುರಾದ ಪ್ರಶ್ನೆ ಒಂದೇ. ಈ ಮನೆಯ ಕಾಗದಪತ್ರದಲ್ಲಿ ನಾವು ಎಲ್ಲಿದ್ದೇವೆ?

ಏಪ್ರಿಲ್‌ನಲ್ಲೇ ಹೋಗಲು ಕಾರಣ ಇದೆ. ಆ ತಿಂಗಳೊಳಗೆ ಆಸ್ತಿ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದೆ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈನಿಂದ ತಿಂಗಳಿಗೆ ಶೇ 2 ದಂಡ ಶುರು. ಅಪ್ಪ ಒಂದು ವರ್ಷವೂ ಆ ರಿಯಾಯಿತಿ ಬಿಟ್ಟವರಲ್ಲ. ಬೀರುವಿನಲ್ಲಿ ಅವರದೊಂದು ರಟ್ಟಿನ ಫೈಲಿತ್ತು, ದಾರ ಕಟ್ಟಿದ್ದು. ಹಿಂದಿನ ದಿನ ರಾತ್ರಿ ಅಮ್ಮ ಅದನ್ನು ತೆಗೆದು ನನ್ನ ಮುಂದಿಟ್ಟಳು. ಒಂದೊಂದೇ ರಸೀದಿ ತಿರುವಿ ಹಾಕಿದೆವು. 2013ಕ್ಕೆ ಮೊದಲಿನವುಗಳ ಮೇಲೆ ನಗರಸಭೆ ಅಂತ ಇದೆ, ಆಮೇಲಿನವುಗಳ ಮೇಲೆ ಮಹಾನಗರ ಪಾಲಿಕೆ. ಊರು ದೊಡ್ಡದಾದದ್ದು ಆ ಫೈಲಿನಲ್ಲೇ ಕಾಣುತ್ತದೆ. ಸಂಸಾರ ತೂಗಿಸಿಕೊಂಡು ಬಂದದ್ದು ಅಮ್ಮ. ತಿಂಗಳ ಸಾಮಾನಿನ ಲೆಕ್ಕ, ಹಾಲಿನ ಲೆಕ್ಕ, ನನ್ನ ಕಾಲೇಜು ಫೀಸಿಗೆ ಕೂಡಿಟ್ಟ ದುಡ್ಡು, ಎಲ್ಲ ಅವಳ ಕೈಯಲ್ಲಿತ್ತು. ಅಷ್ಟೂ ರಸೀದಿಗಳಲ್ಲಿ ಹುಡುಕಿದರೂ ಅವಳ ಹೆಸರು ಒಂದರಲ್ಲೂ ಇಲ್ಲ.

ಪಾಲಿಕೆಯಲ್ಲಿ ತೆರಿಗೆ ಕಟ್ಟುವುದು ಬೇಗ ಮುಗಿಯಿತು. ಯಾರು ತಂದು ಕಟ್ಟಿದರೂ ದುಡ್ಡು ತೆಗೆದುಕೊಳ್ಳುತ್ತಾರೆ. ಕೌಂಟರಿನಲ್ಲಿದ್ದ ಹೆಣ್ಣುಮಗಳು ರಸೀದಿ ಕೊಡುತ್ತಾ, "ಅಮ್ಮಾ, ಖಾತೆ ನಿಮ್ಮ ಹೆಸರಿಗೆ ಮಾಡಿಸಿಕೊಂಡಿಲ್ವಾ?" ಅಂತ ಕೇಳಿದಳು. ಅಮ್ಮ ನನ್ನ ಮುಖ ನೋಡಿದಳು. ಬೇಕಾದ ಕಾಗದಗಳನ್ನು ಆ ಹುಡುಗಿಯೇ ನಿಧಾನವಾಗಿ ಹೇಳಿದಳು. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ, ಹಳೆಯ ತೆರಿಗೆ ರಸೀದಿ, ಮನೆಯ ಪತ್ರ. ಖಾತೆ ಅಂದರೆ ಮಾಲೀಕತ್ವದ ಪತ್ರ ಅಲ್ಲ, ತೆರಿಗೆ ಯಾರಿಂದ ಬರಬೇಕು ಅನ್ನುವ ದಾಖಲೆ ಅಷ್ಟೇ. ಆದರೂ ಈಗ ಇ-ಖಾತೆ ಇಲ್ಲದೆ ಊರಿನ ಆಸ್ತಿಯ ನೋಂದಣಿ ಆಗುವುದಿಲ್ಲ. ಮುಂದೆ ಯಾವುದಕ್ಕಾದರೂ ಬೇಕೇ ಬೇಕು.

ಪರದೇಶದಲ್ಲಿರುವ ಮಕ್ಕಳಿಗೆ ಇಲ್ಲೊಂದು ಮಾತು ಹೇಳಬೇಕು. ಅಪ್ಪನ ಆಸ್ತಿಯಲ್ಲಿ ಅಮ್ಮನ ಜೊತೆ ಮಕ್ಕಳೂ ವಾರಸುದಾರರೇ, ಹಾಗಾಗಿ ನಮ್ಮ ಒಪ್ಪಿಗೆ ಸಹಿ ಬೇಕು. ಊರಿನಲ್ಲಿರುವಾಗಲೇ ನೋಟರಿ ಹತ್ತಿರ ಹೋಗಿ ಸಹಿ ಮಾಡಿಬಿಟ್ಟರೆ ಅರ್ಧ ದಿನದ ಕೆಲಸ. ವಾಪಸ್ ಹೋದ ಮೇಲೆ ಆದರೆ ಅಲ್ಲಿನ ಭಾರತದ ರಾಯಭಾರ ಕಚೇರಿಯಲ್ಲಿ ಸಮಯ ತೆಗೆದುಕೊಂಡು ದೃಢೀಕರಿಸಿ, ಅಂಚೆಯಲ್ಲಿ ಕಳಿಸಬೇಕು. ರಜೆ ಕಡಿಮೆ ಇದೆ, ಮದುವೆ ಮುಂಜಿ ಇವೆ, ಎಲ್ಲ ನಿಜ. ಆದರೂ ಈ ಸಹಿಗೆ ಒಂದು ಬೆಳಗ್ಗೆ ತೆಗೆದಿಡಿ.

ಅಲ್ಲೇ ಬೆಂಚಿನ ಮೇಲೆ ಅರ್ಜಿ ಹಿಡಿದು ಕೂತಿದ್ದಾಗ ಅಮ್ಮ ಕೇಳಿದಳು. "ಅಲ್ಲಿ ಹೇಗೆ? ಅಲ್ಲೂ ಎಲ್ಲ ಅಳಿಯಂದಿರ ಹೆಸರಲ್ಲೇ ಇದೆಯಾ?"

ನಾನು ಅಲ್ಲಿಗೆ ಹೋದಾಗ ಹಾಗೇ ಇತ್ತು. ನಮ್ಮನೆಯವರು ನನಗಿಂತ ಮೊದಲೇ ಹೋಗಿ ಒಬ್ಬರೇ ಬಾಡಿಗೆ ಮನೆಯಲ್ಲಿದ್ದರು. ಬಾಡಿಗೆ ಕರಾರು, ಕರೆಂಟು, ಗ್ಯಾಸು, ನೀರು, ಇಂಟರ್ನೆಟ್ಟು ಎಲ್ಲ ಅವರದೇ ಹೆಸರು. ಆ ಮನೆಯೊಳಗೆ ನನ್ನ ಹೆಸರಿದ್ದದ್ದು ನನ್ನ ಪಾಸ್‌ಪೋರ್ಟಿನಲ್ಲಿ ಮಾತ್ರ. ಬ್ಯಾಂಕ್ ಖಾತೆ ತೆರೆಯೋಣ ಅಂತ ಹೋದರೆ ವಿಳಾಸದ ಪುರಾವೆ ಕೇಳಿದರು. ಪುರಾವೆ ಅಂದರೆ ನನ್ನ ಹೆಸರಿಗೆ ಬಂದ ಬಿಲ್ಲು. ನನ್ನ ಹೆಸರಿಗೆ ಬಿಲ್ಲೇ ಬರುವುದಿಲ್ಲ. ಮದುವೆಯ ಪ್ರಮಾಣಪತ್ರ ತೋರಿಸಿದರೆ ಅದರಲ್ಲಿ ಇಂಗ್ಲೆಂಡಿನ ವಿಳಾಸ ಎಲ್ಲಿಂದ ಬರಬೇಕು?

ದಾರಿ ಸಿಕ್ಕಿದ್ದು ಕೌನ್ಸಿಲ್ ಟ್ಯಾಕ್ಸ್‌ನಿಂದ. ಅದು ಅಲ್ಲಿನ ಮನೆ ಕಂದಾಯ, ಕೌನ್ಸಿಲ್ ಅಂದರೆ ಅಲ್ಲಿನ ಪಾಲಿಕೆ. ಕಸ, ರಸ್ತೆ, ಪೊಲೀಸು, ಅಗ್ನಿಶಾಮಕ, ವಯಸ್ಸಾದವರ ಆರೈಕೆ, ಹೀಗೆ ಊರಿನ ಕೆಲಸಗಳಿಗೆ ಹೋಗುವ ದುಡ್ಡು. ನಮ್ಮಲ್ಲಿ ಮನೆ ಮಾಲೀಕರು ಕಟ್ಟುತ್ತಾರೆ, ಅಲ್ಲಿ ಸಾಮಾನ್ಯವಾಗಿ ವಾಸ ಇರುವವರೇ ಕಟ್ಟಬೇಕು, ಬಾಡಿಗೆಯವರಾದರೂ ಸರಿ. ಇಂಗ್ಲೆಂಡಿನಲ್ಲಿ ಮನೆಗಳಿಗೆ ಎ ಯಿಂದ ಎಚ್ ವರೆಗೆ ಎಂಟು ದರ್ಜೆ ಇವೆ. 1991ರ ಏಪ್ರಿಲ್ 1ರಂದು ಮನೆಗೆ ಎಷ್ಟು ಬೆಲೆ ಬರುತ್ತಿತ್ತು ಅನ್ನುವುದರ ಮೇಲೆ ದರ್ಜೆ. ಆಮೇಲೆ ಕಟ್ಟಿದ ಮನೆಗೂ ಅದೇ ದಿನದ ಲೆಕ್ಕ. "1991ರಲ್ಲಾ? ಆಗ ನೀನಿನ್ನೂ ಹುಟ್ಟಿರ್ಲಿಲ್ಲ!" ಅಂದಳು ಅಮ್ಮ. ವರ್ಷದ ಬಿಲ್ಲು ಏಪ್ರಿಲ್‌ನಿಂದ ಲೆಕ್ಕ, ನಮ್ಮ ಹಾಗೇ. ಆದರೆ ಸಾಮಾನ್ಯವಾಗಿ ಹತ್ತು ಕಂತು, ಏಪ್ರಿಲ್‌ನಿಂದ ಜನವರಿಯವರೆಗೆ. ಕೇಳಿಕೊಂಡರೆ ಹನ್ನೆರಡು ಕಂತು ಮಾಡುತ್ತಾರೆ. ಒಂದು ಕಂತು ತಪ್ಪಿ, ನೆನಪಿನ ಪತ್ರ ಬಂದ ಮೇಲೂ ಏಳು ದಿನದೊಳಗೆ ಕಟ್ಟದಿದ್ದರೆ ವರ್ಷದ ಬಾಕಿ ಪೂರ್ತಿ ಒಟ್ಟಿಗೆ ಕಟ್ಟಬೇಕಾಗುತ್ತದೆ.

ಮನೆಯಲ್ಲಿ ದೊಡ್ಡವರು ಒಬ್ಬರೇ ಇದ್ದರೆ ಶೇ 25 ರಿಯಾಯಿತಿ ಇದೆ. ನಮ್ಮನೆಯವರಿಗೆ ಅದು ಸಿಗುತ್ತಿತ್ತು. ಹೆಂಡತಿ ಬಂದ ದಿನದಿಂದ ಅದು ಹೋಗುತ್ತದೆ, ಕೌನ್ಸಿಲ್‌ಗೆ ನಾವೇ ತಿಳಿಸಬೇಕು. "ಈಗಲೇ ಯಾಕೆ ಹೇಳ್ತೀರಿ, ನಿಧಾನಕ್ಕೆ ಹೇಳಿ" ಅಂದವರಿದ್ದರು. ಆ ಸಲಹೆ ನನಗೆ ಆಗಲೂ ಸರಿ ಅನ್ನಿಸಲಿಲ್ಲ, ಈಗಂತೂ ಇಲ್ಲವೇ ಇಲ್ಲ. ಗೊತ್ತಾದರೆ ಹಿಂದಿನದೆಲ್ಲ ವಸೂಲಿ ಮಾಡುತ್ತಾರೆ, 70 ಪೌಂಡ್ ದಂಡವನ್ನೂ ಹಾಕಬಹುದು. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಅಲ್ಲೇ ಕಾಯಂ ಆಗಿ ನೆಲೆಸಿದ ಗಂಡನ ಜೊತೆ ಇರಲು ಹೊರಗಿನಿಂದ ಬರುವವರಿಗೆ ಮೊದಲು ಸಿಗುವ ವೀಸಾ 33 ತಿಂಗಳಿನದು. ಅದನ್ನು ಮುಂದುವರಿಸುವಾಗ, ಇಬ್ಬರೂ ಒಂದೇ ಮನೆಯಲ್ಲಿ ಬದುಕುತ್ತಿದ್ದೇವೆ ಅಂತ ಕಾಗದ ತೋರಿಸಬೇಕು. ಬೇರೆ ಬೇರೆ ಕಡೆಯಿಂದ, ಬೇರೆ ಬೇರೆ ತಿಂಗಳುಗಳಲ್ಲಿ ಇಬ್ಬರ ಹೆಸರಿಗೂ ಬಂದ ಪತ್ರಗಳು ಬೇಕು. ಒಂದು ಕಡೆ ಜೊತೆಗಿದ್ದೇವೆ ಅನ್ನುವುದು, ಇನ್ನೊಂದು ಕಡೆ ಮನೆಯಲ್ಲಿ ಒಬ್ಬರೇ ಇದ್ದೇವೆ ಅಂತ ಕಂದಾಯ ಉಳಿಸುವುದು, ಇದು ನಮ್ಮ ಕಾಲಿನ ಮೇಲೆ ನಾವೇ ಕಲ್ಲು ಹಾಕಿಕೊಂಡ ಹಾಗೆ ಅಲ್ವಾ?

ನಾವು ಕೂಡಲೇ ತಿಳಿಸಿದೆವು. ಹೊಸ ಬಿಲ್ಲು ಬಂತು. ಮೊತ್ತ ಹೆಚ್ಚಾಗಿತ್ತು, ಮೇಲೆ ಇಬ್ಬರ ಹೆಸರಿತ್ತು. ನನ್ನ ಹೆಸರು, ಕೆಳಗೆ ಆ ಮನೆಯ ವಿಳಾಸ. ಅದನ್ನೇ ತೆಗೆದುಕೊಂಡು ಹೋಗಿ ಬ್ಯಾಂಕ್ ಖಾತೆ ತೆರೆದೆ. ಮುಂದೆ ವೀಸಾಗೂ ಅದೇ ಮೊದಲ ಕಾಗದವಾಯಿತು.

ಕರೆಂಟು, ಗ್ಯಾಸಿನ ಕಥೆ ಇನ್ನೂ ಉದ್ದ. ಅಲ್ಲಿನ ಚಳಿಗೆ ಮನೆ ಬಿಸಿ ಮಾಡುವುದೇ ದೊಡ್ಡ ಖರ್ಚು. ನೀರು ಕಾಯುವುದೂ ಗ್ಯಾಸಿನಲ್ಲಿ. ತೀರ್ಥಹಳ್ಳಿ ಹತ್ತಿರದ ಅಜ್ಜಿ ಮನೆಯಲ್ಲಿ ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ಹಾಕಿ ಹಂಡೆ ಕಾಯಿಸುತ್ತಿದ್ದ ನನಗೆ, ಬಿಸಿನೀರಿಗೂ ಮೀಟರ್ ಓಡುತ್ತದೆ ಅನ್ನುವುದಕ್ಕೆ ಒಗ್ಗಿಕೊಳ್ಳಲು ಸಮಯ ಬೇಕಾಯಿತು. ಬಳಸಿದರೂ ಬಿಟ್ಟರೂ ದಿನಕ್ಕಿಷ್ಟು ಅಂತ ನಿಗದಿ ಶುಲ್ಕ ಬೇರೆ. ಬ್ಯಾಂಕಿನಿಂದ ಪ್ರತಿ ತಿಂಗಳು ಒಂದೇ ಮೊತ್ತ ತಾನಾಗಿ ಕಟ್ ಆಗುವ ವ್ಯವಸ್ಥೆಯನ್ನು ಹೆಚ್ಚಿನವರು ಮಾಡಿಕೊಳ್ಳುತ್ತಾರೆ. ಬೇಸಿಗೆಯಲ್ಲಿ ಬಳಕೆ ಕಡಿಮೆ, ದುಡ್ಡು ಜಮೆಯಾಗುತ್ತದೆ. ಚಳಿಗಾಲದಲ್ಲಿ ಅದು ಕರಗುತ್ತದೆ. ಮಲೆನಾಡಿನವರು ಮಳೆಗಾಲಕ್ಕೆ ಮುಂಚೆ ಕೊಟ್ಟಿಗೆ ತುಂಬ ಸೌದೆ ಒಟ್ಟುವ ಹಾಗೆ.

ಹಾಗೆ ಒಟ್ಟುತ್ತಿದ್ದಾಗಲೇ ಒಂದು ತಿಂಗಳು ಗ್ಯಾಸಿನ ಬಿಲ್ಲು ಇದ್ದಕ್ಕಿದ್ದ ಹಾಗೆ ಹೆಚ್ಚು ಬಂತು. ಶಿವಮೊಗ್ಗದಲ್ಲಿ ಮೀಟರ್ ರೀಡರ್ ಮನೆಗೇ ಬಂದು, ಮೀಟರ್ ನೋಡಿ, ಅಲ್ಲೇ ಬಿಲ್ಲು ಹರಿದು ಕೊಡುತ್ತಾರೆ. ನಮ್ಮ ಆ ಮನೆಯಲ್ಲಿದ್ದದ್ದು ಹಳೆಯ ಮೀಟರ್. ನಾವೇ ಓದಿ ಕಳಿಸದಿದ್ದರೆ ಕಂಪನಿಯವರು ಅಂದಾಜಿನ ಮೇಲೆ ಬಿಲ್ಲು ಮಾಡುತ್ತಾರೆ. ಅಂದಾಜು ಅನ್ನುವುದು ಬಿಲ್ಲಿನ ಮೂಲೆಯಲ್ಲಿ ಸಣ್ಣದಾಗಿ ಬರೆದಿತ್ತು. ಮೀಟರಿನ ಸಂಖ್ಯೆ ನೋಡಿದೆ, ಬಿಲ್ಲಿನಲ್ಲಿದ್ದದ್ದು ಅದಕ್ಕಿಂತ ಎಷ್ಟೋ ಮುಂದೆ ಇತ್ತು. ಫೋಟೋ ತೆಗೆದಿಟ್ಟುಕೊಂಡು ಫೋನ್ ಮಾಡಿದೆ. ಹೆಸರು ಕೇಳಿದರು, ಹೇಳಿದೆ. ಖಾತೆ ನಿಮ್ಮ ಹೆಸರಿನಲ್ಲಿ ಇಲ್ಲ, ನಿಮ್ಮ ಜೊತೆ ಮಾತಾಡಲು ಆಗುವುದಿಲ್ಲ ಅಂದರು. ಮೀಟರ್ ನನ್ನ ಕಣ್ಣ ಮುಂದಿದೆ, ಒಲೆ ಹಚ್ಚುವವಳು ನಾನು, ಬಿಲ್ಲು ನನ್ನ ಕೈಯಲ್ಲಿದೆ. ಆದರೂ ಮಾತಾಡುವ ಹಕ್ಕಿಲ್ಲ. ಅವರ ನಿಯಮದ ಪ್ರಕಾರ ಅವರು ಸರಿಯೇ ಇರಬಹುದು. ನನಗೆ ಮಾತ್ರ ಆ ದಿನ ತುಂಬಾ ನೋವಾಯಿತು.

ಸಂಜೆ ನಮ್ಮನೆಯವರು ಬಂದು ಅದೇ ನಂಬರಿಗೆ ಫೋನ್ ಮಾಡಿದರು. ಬಿಲ್ಲಿನ ವಿಷಯ ಎತ್ತುವ ಮೊದಲೇ, "ಖಾತೆಗೆ ನನ್ನ ಹೆಂಡತಿಯ ಹೆಸರನ್ನೂ ಸೇರಿಸಿ" ಅಂದರು. ಆಮೇಲೆ ಫೋನು ನನ್ನ ಕೈಗೆ ಕೊಟ್ಟರು. ಮೀಟರಿನ ಫೋಟೋ ಕಳಿಸಿದ ಮೇಲೆ ಬಿಲ್ಲು ಸರಿಯಾಯಿತು. ಆಮೇಲೆ ಮನೆಯ ಮೀಟರ್ ಓದುವ ಕೆಲಸ ನನ್ನದೇ ಆಯಿತು, ಈಗಲೂ ನನ್ನದೇ.

ಅಮ್ಮ ಇಷ್ಟನ್ನೂ ಕೇಳಿಸಿಕೊಂಡು ಎದ್ದು ನಿಂತಳು. "ಸರಿ, ಮೆಸ್ಕಾಂಗೂ ಹೋಗಿ ಬಂದುಬಿಡೋಣ" ಅಂದಳು. ನಾನಾಗಿ ಹೇಳಿರಲಿಲ್ಲ. ಅಲ್ಲಿ ಹೆಚ್ಚು ಹೊತ್ತಾಗಲಿಲ್ಲ. ಆರ್‌ಆರ್ ನಂಬರಿನ, ಅಂದರೆ ಕರೆಂಟು ಸಂಪರ್ಕದ, ಹೆಸರು ಬದಲಾವಣೆಗೆ ಅರ್ಜಿ ಪಡೆದು, ಏನೇನು ಬೇಕು ಅಂತ ಬರೆದುಕೊಂಡು ಬಂದೆವು. ಹೆಚ್ಚೂ ಕಡಿಮೆ ಅವೇ ಕಾಗದಗಳು. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದಾಗಿನಿಂದ, ಅಂದರೆ 2023ರಿಂದ, ಅಮ್ಮನಿಗೆ ಬರುವುದು ಸೊನ್ನೆ ಬಿಲ್ಲು. ದುಡ್ಡು ಕಟ್ಟುವುದು ಇಲ್ಲ ಅಂದ ಮೇಲೆ ಬಿಲ್ಲನ್ನು ಯಾರೂ ನೋಡುವುದಿಲ್ಲ, ಅದರ ಮೇಲಿನ ಹೆಸರನ್ನು ಮೊದಲೇ ನೋಡುವುದಿಲ್ಲ. ಹಿಂದಿನ ಬಳಕೆಯ ಸರಾಸರಿ ನೋಡಿ ಮಿತಿ ಹಾಕಿರುತ್ತಾರೆ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಬರುತ್ತದೆ. ಹಾಗಾಗಿ ಸೊನ್ನೆ ಬಂದರೂ ಯೂನಿಟ್ ನೋಡಿಕೊಳ್ಳುವುದು ಒಳ್ಳೆಯದು. ಅಮ್ಮನಿಗೆ ಅದನ್ನು ತೋರಿಸಿಕೊಟ್ಟೆ.

ಈಗ ಪರದೇಶದಲ್ಲಿ ಕೂತು ಇಲ್ಲಿನದೆಲ್ಲ ಕಟ್ಟಬಹುದು. ನನ್ನ ಹಳೆಯ ಉಳಿತಾಯ ಖಾತೆ ಅನಿವಾಸಿಗಳ ಎನ್‌ಆರ್‌ಒ ಖಾತೆ ಆಗಿದೆ, ಇಂಗ್ಲೆಂಡಿನ ಮೊಬೈಲ್ ನಂಬರಿನಲ್ಲೇ ಯುಪಿಐ ನಡೆಯುತ್ತದೆ. ದುಡ್ಡಿನ ಸಹಾಯ ಬೇಕಾದರೆ ಖಂಡಿತ ಮಾಡುತ್ತೇನೆ. ಆದರೆ ಅಮ್ಮನ ಮನೆಯ ಕಂದಾಯವನ್ನು ಅಲ್ಲಿಂದಲೇ ಕಟ್ಟುತ್ತಾ ಹೋಗುವುದು ನನಗೆ ಬೇಡ. ಹಾಗೆ ಮಾಡಿದರೆ ಆ ಫೈಲು ಅಪ್ಪನ ಕೈಯಿಂದ ನನ್ನ ಕೈಗೆ ಬಂದ ಹಾಗಾಗುತ್ತದೆ. ಅಮ್ಮ ಮತ್ತೆ ಹೊರಗೇ ಉಳಿಯುತ್ತಾಳೆ.

ಆ ಸಂಜೆ ಚಿಕ್ಕಮ್ಮನ ಮಗಳು ಬಂದಿದ್ದಳು. ಮದುವೆಯಾಗಿ ಕೆಲವೇ ತಿಂಗಳಾಗಿದೆ, ಗಂಡ ಇಂಗ್ಲೆಂಡಿನಲ್ಲಿ, ವೀಸಾ ಬಂದಿದೆ, ಹೊರಡುವ ತಯಾರಿ. ಉಪ್ಪಿನಕಾಯಿ, ಸಾರಿನ ಪುಡಿ ಎಷ್ಟು ಕೊಂಡೊಯ್ಯಬಹುದು ಅಂತ ಕೇಳಲು ಬಂದವಳು. ಬಿಲ್ಲಿನ ಮಾತು ಎತ್ತಿದ್ದು ಅಮ್ಮ. "ಅದೆಲ್ಲ ಅವ್ರೇ ನೋಡ್ಕೊತಾರೆ ದೊಡ್ಡಮ್ಮ" ಅಂದಳು ಅವಳು.

"ನೋಡ್ಕೊಳ್ಳಲಿ ಮಾರಾಯ್ತಿ, ನೀನೂ ನೋಡು" ಅಂದಳು ಅಮ್ಮ.

ಅಲ್ಲಿಗೆ ಹೋದ ಮೊದಲ ವಾರದಲ್ಲೇ ಕೌನ್ಸಿಲ್‌ಗೆ ತಿಳಿಸು, ಬಾಡಿಗೆ ಕರಾರಿಗೆ ನಿನ್ನ ಹೆಸರನ್ನೂ ಸೇರಿಸಲು ಮನೆ ಮಾಲೀಕರನ್ನು ಕೇಳಿ, ಒಂದಾದರೂ ಬಿಲ್ಲು ನಿನ್ನ ಹೆಸರಿಗಿರಲಿ, ಬಂದ ಕಾಗದ ಒಂದನ್ನೂ ಬಿಸಾಡಬೇಡ ಅಂತ ಹೇಳಿದೆ. ಇನ್ನೊಂದು ಮುಖ್ಯ ವಿಷಯವನ್ನೂ ಹೇಳಿದೆ. ಆದಾಯ ಕಡಿಮೆ ಇದೆ ಅಂತ ಕೌನ್ಸಿಲ್ ಟ್ಯಾಕ್ಸ್ ಇಳಿಸಿಕೊಡುವ ಒಂದು ಸೌಲಭ್ಯ ಅಲ್ಲಿದೆ. ಅದು ಸರ್ಕಾರಿ ನೆರವಿನ ಲೆಕ್ಕಕ್ಕೆ ಬರುತ್ತದೆ. ಗಂಡ ಹೆಂಡತಿ ವೀಸಾದಲ್ಲಿರುವವರಿಗೆ ಸಾಮಾನ್ಯವಾಗಿ ಆ ನೆರವು ಪಡೆಯುವಂತಿಲ್ಲ ಅನ್ನುವ ಷರತ್ತು ಇರುತ್ತದೆ. ಯಾರೋ ಹೇಳಿದರು ಅಂತ ಅರ್ಜಿ ಹಾಕಬೇಡ, ಮೊದಲು ವಿಚಾರಿಸು ಅಂದೆ.

"ಹೆಸರು ಸೇರಿಸಿ ಅಂತ ನಾನೇ ಕೇಳಿದ್ರೆ ಅವ್ರಿಗೆ ಬೇಜಾರಾಗಲ್ವಾ ಅಕ್ಕಾ?" ಅಂತ ಕೇಳಿದಳು.

ಗ್ಯಾಸ್ ಕಂಪನಿಗೆ ನಮ್ಮನೆಯವರು ಫೋನ್ ಮಾಡಿದ ಸಂಜೆಯ ವಿಷಯ ಅವಳಿಗೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚನೆ ಮಾಡಿ ಮೊಬೈಲ್ ತೆಗೆದುಕೊಂಡು ಜಗಲಿಗೆ ಹೋದಳು. ಮನೆಯ ಕೌನ್ಸಿಲ್ ಟ್ಯಾಕ್ಸ್ ಎಷ್ಟು, ಬಿಲ್ಲಿನಲ್ಲಿ ಯಾರ ಹೆಸರಿದೆ ಅಂತ ಗಂಡನನ್ನು ಕೇಳಿದಳು. ಬಿಲ್ಲು ಹುಡುಕಿ ಫೋಟೋ ಕಳಿಸುತ್ತೇನೆ ಅಂದರಂತೆ. ಅವಳು ಒಳಗೆ ಬಂದಾಗ ಅಮ್ಮ ವಂಶವೃಕ್ಷದ ಅರ್ಜಿ ತುಂಬುತ್ತಿದ್ದಳು. ನಾಡಕಚೇರಿಗೆ ತಾನೊಬ್ಬಳೇ ಹೋಗುತ್ತೇನೆ ಅಂದಳು.