ಗ್ಲಾಸ್ಗೋದ ಜಿಂಕೆ

ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕಳಿಸು ಎಂದು ಶಾಲೆಯಿಂದ ಫೋನ್ ಬಂದಾಗ, ನಮ್ಮ ಪಿ.ಟಿ. ಮೇಷ್ಟ್ರ ಬಗ್ಗೆ ಬರೆಯೋಣ ಅಂತಲೇ ಕೂತೆ. ಎರಡು ಸಾಲು ಆಗುವಷ್ಟರಲ್ಲಿ ಮೇಷ್ಟ್ರ ಪಕ್ಕ ಇನ್ನೊಬ್ಬ ಬಂದು ನಿಂತ, ಸ್ಕಾಟ್ಲೆಂಡಿನ ಫುಟ್‌ಬಾಲ್ ಆಟಗಾರ ಜಿಮ್ಮಿ ಜಾನ್‌ಸ್ಟನ್. ಕುಳ್ಳ. ಕೆಂಪು ಗುಂಗುರು ಕೂದಲು. ನಮ್ಮ ಚಿನ್ನದ ಗಣಿಯ ಊರು ಕೆ.ಜಿ.ಎಫ್. ಕಡೆ ತಲೆ ಹಾಕಿ ಮಲಗಿದವನೂ ಅಲ್ಲ. ಆದರೆ ಇವನನ್ನು ಬಿಟ್ಟು ಮೇಷ್ಟ್ರ ಬಗ್ಗೆ ಬರೆಯಲು ನನಗೆ ಬರುವುದಿಲ್ಲ.

ಮೊದಲು ಮೇಷ್ಟ್ರು. ಏಳನೇ ಕ್ಲಾಸಿನಲ್ಲಿ ನಾನೇ ಎಲ್ಲರಿಗಿಂತ ಮುಂದೆ. ಓದಿನಲ್ಲಲ್ಲ, ಪ್ರಾರ್ಥನೆಯ ಸಾಲಿನಲ್ಲಿ. ಎತ್ತರದ ಲೆಕ್ಕದಲ್ಲಿ ನಿಲ್ಲಿಸುತ್ತಿದ್ದರಲ್ಲ, ಹಾಗೆ. ಫುಟ್‌ಬಾಲ್ ಟೀಮಿಗೆ ಹುಡುಗರನ್ನು ಆರಿಸುವಾಗ ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, "ನೀನು ರೈಟ್ ಔಟ್. ಸುಣ್ಣದ ಗೆರೆ ಬಿಟ್ಟು ಒಳಗೆ ಬಂದ್ರೆ ಕಾಲು ಮುರೀತೀನಿ" ಅಂದರು. ರೈಟ್ ಔಟ್ ಅಂದರೆ ಬಲಗಡೆಯ ಗೆರೆ ಹಿಡಿದು ಓಡುವವನು. ಸೈನೈಡ್ ದಿಬ್ಬದ, ಅಂದರೆ ಚಿನ್ನ ತೆಗೆದು ಉಳಿದ ಮಣ್ಣಿನ ಗುಡ್ಡದ ಕಡೆಯಿಂದ ಗಾಳಿ ಎದ್ದರೆ ಸುಣ್ಣ ಯಾವುದು, ಧೂಳು ಯಾವುದು ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಗೆರೆಯ ವಿಷಯದಲ್ಲಿ ನನಗೆ ಒಳ್ಳೆಯ ನೆಪ ಇತ್ತು. ಬ್ಯಾಕ್ ಆಡುವ, ಅಂದರೆ ಗೋಲಿಗೆ ಹೋಗದಂತೆ ಅಡ್ಡ ನಿಲ್ಲುವ ದಪ್ಪ ಹುಡುಗರನ್ನು ಕಂಡರೆ ನನಗೆ ಭಯ. ಅದಕ್ಕೆ ಮಾತ್ರ ನೆಪ ಇರಲಿಲ್ಲ. "ಹೆದರಬೇಡ ಕಣೋ, ಹೆದರಿದವನು ಆಡಲ್ಲ" ಎಂದು ಅವರು ವಾರಕ್ಕೆ ಹತ್ತು ಸಲವಾದರೂ ಹೇಳಿರಬೇಕು.

ಕಾಲಿಗೆ ಬೂಟಿರಲಿಲ್ಲ. ಅಪ್ಪ ಶಿಫ್ಟ್ ಮುಗಿಸಿ ಬಂದು ಮಲಗಿದ ಮೇಲೆ ಅವರ ಗಣಿ ಬೂಟಿನೊಳಗೆ ಹಳೇ ಬಟ್ಟೆ ತುರುಕಿಕೊಂಡು ಲೈನ್ ಮನೆಗಳ ಸಂದಿಯಲ್ಲಿ ಓಡುತ್ತಿದ್ದೆ. ಬಾಲು ಮುಂದೆ, ನಾನು ಹಿಂದೆ, ಬೂಟು ಇನ್ನೂ ಹಿಂದೆ. ಒಂದು ದಿನ ಸಿಕ್ಕಿಬಿದ್ದೆ. "ಇದು ಸವೆದರೆ ಇನ್ನೊಂದು ಜೊತೆ ನಿಮ್ಮ ಮೇಷ್ಟ್ರು ಕೊಡಿಸ್ತಾರೇನೋ?" ಎಂದು ಅಪ್ಪ ಎರಡು ಬಿಟ್ಟರು. ಅಲ್ಲಿಗೆ ನನ್ನ ಬೂಟಿನ ಕಥೆ ಮುಗಿಯಿತು. 2001ರಲ್ಲಿ ಗಣಿಯೇ ಮುಚ್ಚಿತು.

2005ರ ಸೆಪ್ಟೆಂಬರಿನಲ್ಲಿ ಎಂ.ಎಸ್ಸಿ. ಓದಲು ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋದೆ. ಸಾಲದ ಓದು, ಅದಕ್ಕೇ ಬೆಳಗಿನ ಹೊತ್ತು ಒಂದು ದಿನಸಿ ಅಂಗಡಿಯಲ್ಲಿ ಕೆಲಸ. ದಿನಾ ಏಳು ಗಂಟೆಗೆ ಒಬ್ಬರು ಅಜ್ಜ ಬರುತ್ತಿದ್ದರು. ಒಂದು ಪೈಂಟ್ ಹಾಲು, ಒಂದು ಪೇಪರು. ಮೂರನೇ ದಿನಕ್ಕೋ ನಾಲ್ಕನೇ ದಿನಕ್ಕೋ ಕೇಳಿದರು: "ನೀನು ಯಾವ ಸ್ಕೂಲಲ್ಲಿ ಓದಿದ್ದು?"

ನಾನು ಪೆದ್ದನಂತೆ ನಮ್ಮ ಶಾಲೆಯ ಹೆಸರು, ಊರು, ಜಿಲ್ಲೆ ಎಲ್ಲಾ ಹೇಳಿದೆ. ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಊರಿನಲ್ಲಿ ಆ ಪ್ರಶ್ನೆಗೆ ಅರ್ಥವೇ ಬೇರೆ. ನಮ್ಮ ಕಡೆ ನೇರವಾಗಿ ಕೇಳಲು ಆಗದೆ "ನಿಮ್ಮ ಮನೆದೇವರು ಯಾವುದು?" ಅಂತಾರಲ್ಲ, ಹಾಗೆ. ಆ ಊರಿನಲ್ಲಿ ಎರಡು ಎದುರಾಳಿ ಫುಟ್‌ಬಾಲ್ ಕ್ಲಬ್ಬು. ಕ್ಯಾಥೊಲಿಕ್ ಶಾಲೆಯಾದರೆ ನೀನು ಸೆಲ್ಟಿಕ್ ಕಡೆ, ಇಲ್ಲದಿದ್ದರೆ ರೇಂಜರ್ಸ್ ಕಡೆ. ಹಸಿರು ಅಥವಾ ನೀಲಿ. ಅಜ್ಜ ನೀಲಿ. ಹುಟ್ಟಿದಾಗಿನಿಂದ ರೇಂಜರ್ಸ್.

"ಫುಟ್‌ಬಾಲ್ ಆಡ್ತಿದ್ಯಾ?"

"ರೈಟ್ ಔಟ್" ಅಂದೆ.

"ಅದು ನಿನ್ನ ಎತ್ತರ ನೋಡಿದ್ರೇ ಗೊತ್ತಾಗುತ್ತೆ. ಜಿಂಕಿ ಹಾಗೆ."

ನನ್ನ ಕಿವಿಗೆ ಅದು 'ಜಿಂಕೆ' ಅಂತಲೇ ಬಿತ್ತು. ನಮ್ಮ ಭಾಷೆಯಲ್ಲಿ ಜಿಂಕೆ ಅಂದರೆ ಇಂಥ ಪ್ರಾಣಿ, ಅಟ್ಟಿಸಿಕೊಂಡು ಬಂದವನಿಗೆ ತಟಕ್ಕನೆ ದಿಕ್ಕು ತಪ್ಪಿಸಿ ಓಡುತ್ತದೆ ಎಂದು ವಿವರಿಸಿದೆ. ಅಜ್ಜ ಹಾಲಿನ ದುಡ್ಡು ಎಣಿಸುತ್ತಿದ್ದವರು ನಿಲ್ಲಿಸಿಬಿಟ್ಟರು. ಅವರ ಮಾತಿನಲ್ಲೂ 'ಜಿಂಕ್' ಅಂದರೆ ಅದೇ ಅಂತೆ, ಓಡುತ್ತಾ ಓಡುತ್ತಾ ಪಕ್ಕಕ್ಕೆ ಜಾರಿಕೊಳ್ಳುವುದು. "ಹಾಗಾದ್ರೆ ಅವನು ನಿಮ್ಮವರಿಗೆ ಮೊದಲೇ ಗೊತ್ತು" ಅಂದರು.

ಹೀಗೆ ಪರಿಚಯವಾದವನು ಜಿಮ್ಮಿ ಜಾನ್‌ಸ್ಟನ್, ಅಡ್ಡಹೆಸರು ಜಿಂಕಿ. ಸೆಲ್ಟಿಕ್ ಕ್ಲಬ್ಬಿನ ರೈಟ್ ವಿಂಗರ್, ಅಂದರೆ ನಮ್ಮ ರೈಟ್ ಔಟ್, ನಂಬರ್ 7. 1944ರ ಸೆಪ್ಟೆಂಬರ್ 30ರಂದು ಗ್ಲಾಸ್ಗೋ ಪಕ್ಕದ ವ್ಯೂಪಾರ್ಕ್‌ನಲ್ಲಿ ಹುಟ್ಟಿದವನು. ಐವರು ಮಕ್ಕಳಲ್ಲಿ ಕೊನೆಯವನು. ಎತ್ತರ ಐದೂಕಾಲು ಅಡಿ ಆಸುಪಾಸು. ಅಪ್ಪ ಕಲ್ಲಿದ್ದಲು ಗಣಿಯ ಕೂಲಿ. ಇಂಗ್ಲೆಂಡಿನ ವಿಂಗರ್ ಸ್ಟ್ಯಾನ್ಲಿ ಮ್ಯಾಥ್ಯೂಸ್ ಭಾರದ ಬೂಟು ಹಾಕಿ ಕಾಲು ಗಟ್ಟಿ ಮಾಡಿಕೊಳ್ಳುತ್ತಿದ್ದ ಎಂದು ಓದಿದ ಹುಡುಗ ಮಾಡಿದ್ದೇನು ಗೊತ್ತಾ? ಅಪ್ಪನ ಗಣಿ ಬೂಟು ಹಾಕಿಕೊಂಡ. ಹಾಲಿನ ಬಾಟಲಿಗಳನ್ನು ಸಾಲಾಗಿ ಇಟ್ಟು, ಒಂದೂ ಬೀಳದ ಹಾಗೆ ಬಾಲನ್ನು ಅವುಗಳ ನಡುವೆ ತೂರಿಸಿಕೊಂಡು ಗಂಟೆಗಟ್ಟಲೆ ಓಡಾಡಿದ.

ಇದನ್ನು ಕೇಳಿದ ದಿನ ನನಗೆ ಅಂಗಡಿಯಲ್ಲಿ ಕೆಲಸವೇ ಓಡಲಿಲ್ಲ. ಅವನಿಗೆ ಏಟು ಬಿತ್ತೋ ಇಲ್ಲವೋ ಅಂತ ಮಾತ್ರ ಅಜ್ಜನಿಗೆ ಗೊತ್ತಿರಲಿಲ್ಲ.

ಸೆಲ್ಟಿಕ್ ಮೈದಾನದಲ್ಲಿ ಬಾಲು ಎತ್ತಿಕೊಡುವ ಹುಡುಗನಾಗಿದ್ದವನು 1961ರಲ್ಲಿ ಅದೇ ಕ್ಲಬ್ಬಿಗೆ ಸೇರಿದ. 1963ರ ಮಾರ್ಚಿನಲ್ಲಿ ಮೊದಲ ಪಂದ್ಯ, ಕಿಲ್ಮಾರ್ನಾಕ್ ವಿರುದ್ಧ. 6-0 ಸೋಲು! ನಮ್ಮ ಶಾಲೆಯ ಟೀಮು ನೆನಪಾಗಿ ಸಮಾಧಾನವಾಯಿತು. 1965ರಲ್ಲಿ ಜಾಕ್ ಸ್ಟೀನ್ ಮ್ಯಾನೇಜರ್ ಆಗಿ ಬಂದ ಮೇಲೆ ಕಥೆ ಬದಲಾಯಿತು. ಅಲ್ಲಿಂದ ಒಂದರ ಹಿಂದೆ ಒಂದು ಒಂಬತ್ತು ಲೀಗ್ ಪ್ರಶಸ್ತಿ. 1967ರ ಮೇ 25ರಂದು ಲಿಸ್ಬನ್‌ನಲ್ಲಿ ಇಟಲಿಯ ಇಂಟರ್ ಮಿಲಾನ್ ಎದುರು 2-1 ಗೆಲುವು. ಬ್ರಿಟನ್ನಿನ ಕ್ಲಬ್ಬೊಂದು ಯುರೋಪಿಯನ್ ಕಪ್, ಅಂದರೆ ಯುರೋಪಿನ ದೇಶದೇಶಗಳ ಚಾಂಪಿಯನ್ ಕ್ಲಬ್ಬುಗಳು ಸೆಣಸುವ ಕಪ್ ಗೆದ್ದಿದ್ದು ಅದೇ ಮೊದಲು. ಆ ದಿನ ಆಡಿದ ಹನ್ನೊಂದೂ ಜನ ಕ್ಲಬ್ಬಿನ ಮೈದಾನ ಸೆಲ್ಟಿಕ್ ಪಾರ್ಕ್ ಸುತ್ತಲಿನ 30 ಮೈಲಿಯೊಳಗೆ ಹುಟ್ಟಿದವರು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಕೆ.ಜಿ.ಎಫ್.ನಿಂದ ಕೋಲಾರ ದಾಟಿ ಸ್ವಲ್ಪ ಆಚೆ.

ಲಿಸ್ಬನ್ ಬಗ್ಗೆ ಎಲ್ಲರೂ ಗೋಲಿನ ಕಥೆ ಹೇಳುತ್ತಾರೆ. ನನಗೆ ಇಷ್ಟವಾದದ್ದು ಹಲ್ಲಿನ ಕಥೆ. ಸೆಲ್ಟಿಕ್ ಟೀಮಿನಲ್ಲಿ ಹಲವರಿಗೆ ಕಟ್ಟಿಸಿಕೊಂಡ ಹಲ್ಲು. ಅದನ್ನು ಬಿಚ್ಚಿ ಗೋಲ್‌ಕೀಪರ್ ರೋನಿ ಸಿಂಪ್ಸನ್‌ನ ಟೋಪಿಯೊಳಗೆ ಹಾಕಿ, ಟೋಪಿಯನ್ನು ಗೋಲಿನ ಬಲೆಯ ಹತ್ತಿರ ಇಟ್ಟಿದ್ದರು. ಕಪ್ ಎತ್ತುವಾಗ ಫೋಟೋದಲ್ಲಿ ನಗಬೇಕಲ್ಲ! ಆಟ ಮುಗಿದು ಜನ ಮೈದಾನಕ್ಕೆ ನುಗ್ಗುತ್ತಿದ್ದಾಗ ಆ ಟೋಪಿ ಹಿಡಿಯಲು ಓಡಿದ್ದೂ ಓಡಿದ್ದೇ. ಎರಡು ವಾರ ಕಳೆದು ಮ್ಯಾಡ್ರಿಡ್‌ನಲ್ಲಿ, ರಿಯಲ್ ಮ್ಯಾಡ್ರಿಡ್ ಕ್ಲಬ್ಬಿನ ಹಳೆಯ ದಿಗ್ಗಜ ಡಿ ಸ್ಟೆಫಾನೋ ಗೌರವಕ್ಕೆ ಒಂದು ಪಂದ್ಯ. ಅಲ್ಲಿ ಜಿಂಕಿಯ ಆಟಕ್ಕೆ ರಿಯಲ್ ಮ್ಯಾಡ್ರಿಡ್‌ನ ಜನವೇ 'ಓಲೇ ಓಲೇ' ಎಂದು ಕೂಗಿದರು. ಆ ವರ್ಷ ಯುರೋಪಿನ ಶ್ರೇಷ್ಠ ಆಟಗಾರರ ಪಟ್ಟಿಯಲ್ಲಿ ಅವನು ಮೂರನೆಯವನು.

ಅವನು ಏನು ಮಾಡುತ್ತಿದ್ದ ಅಂತ ಅಜ್ಜ ಒಂದು ಬೆಳಗ್ಗೆ ತೋರಿಸಿಯೇ ಬಿಟ್ಟರು. ಕಪಾಟಿನಿಂದ ನಾಲ್ಕು ಹಾಲಿನ ಬಾಟಲಿ ಇಳಿಸಿ ನೆಲದ ಮೇಲೆ ಸಾಲಾಗಿ ಇಟ್ಟರು. ಪ್ಲಾಸ್ಟಿಕ್ಕಿನವು, ಪುಣ್ಯಕ್ಕೆ. ಬಾಲಿನ ಬದಲು ಒಂದು ಕಿತ್ತಳೆ. ಬಲಗಡೆ ಹೋಗುವವರ ಹಾಗೆ ಭುಜ ಇಳಿಸಿದರು. ಮೈಯೆಲ್ಲಾ ಬಲಕ್ಕೆ ವಾಲಿತು, ಕಿತ್ತಳೆ ಮಾತ್ರ ಇದ್ದಲ್ಲೇ. "ಈಗ ಬ್ಯಾಕ್ ಏನು ಮಾಡ್ತಾನೆ? ತೂಕ ಪೂರ್ತಿ ಈ ಕಾಲಿಗೆ ಹಾಕ್ತಾನೆ. ಹಾಕಿದ, ಸತ್ತ." ಬೂಟಿನ ಪಕ್ಕದಿಂದ ಕಿತ್ತಳೆಯನ್ನು ಎಡಕ್ಕೆ ಒಂದಿಷ್ಟು ತಳ್ಳಿದರು. "ಬೇರೆಯವರಾದ್ರೆ ಇಲ್ಲಿಂದ ಓಡಿಬಿಡ್ತಾರೆ. ಇವನು ನಿಲ್ತಿದ್ದ. ಆ ಬ್ಯಾಕ್ ಎದ್ದು ಬರಲಿ ಅಂತ ಕಾಯ್ತಿದ್ದ. ಬಂದ್ರೆ ಮತ್ತೆ ಅವನನ್ನೇ ದಾಟ್ತಿದ್ದ." ಅಷ್ಟರಲ್ಲಿ ಅಂಗಡಿ ಯಜಮಾನರು ಬಂದರು. ಕಿತ್ತಳೆಯ ದುಡ್ಡು ಅಜ್ಜನೇ ಕೊಟ್ಟರು.

ಒಂದೇ ಆಳನ್ನು ಎರಡೆರಡು ಸಲ ದಾಟುವುದು ದಂಡದ ಕೆಲಸ ಅಂತ ನಮ್ಮ ಮೇಷ್ಟ್ರು ಖಂಡಿತ ಬೈಯುತ್ತಿದ್ದರು. ನನಗೂ ಹಾಗೇ ಅನ್ನಿಸುತ್ತದೆ, ಲೆಕ್ಕ ನೋಡಿದರೆ. ಆದರೆ ನೋಡಲು ಬಂದವರು ಲೆಕ್ಕ ನೋಡಲು ಬಂದವರಲ್ಲ. 1970ರ ಯುರೋಪಿಯನ್ ಕಪ್‌ನಲ್ಲಿ ಇಂಗ್ಲೆಂಡಿನ ಲೀಡ್ಸ್ ಕ್ಲಬ್ ವಿರುದ್ಧ ಎರಡು ಪಂದ್ಯದ ಸೆಮಿಫೈನಲ್. ಅದರಲ್ಲಿ ಎರಡನೆಯದನ್ನು ನೋಡಲು ಹ್ಯಾಂಪ್ಡನ್ ಮೈದಾನದಲ್ಲಿ 1,36,505 ಜನ ಸೇರಿದ್ದರು. ಎರಡೂ ಪಂದ್ಯದಲ್ಲಿ ಲೀಡ್ಸ್‌ನ ಬ್ಯಾಕ್ ಟೆರಿ ಕೂಪರ್‌ನನ್ನು ಜಿಂಕಿ ಬುಗುರಿ ಆಡಿಸಿದ ಹಾಗೆ ಆಡಿಸಿದ. ಕೂಪರ್ ಸಾಮಾನ್ಯನಲ್ಲ, ಇಂಗ್ಲೆಂಡ್ ಟೀಮಿನವನು. ಫೈನಲ್‌ನಲ್ಲಿ ಮಾತ್ರ ನೆದರ್ಲೆಂಡ್ಸ್‌ನ ಫೆಯೆನೂರ್ಡ್ ಕ್ಲಬ್ಬಿನ ಕೈಯಲ್ಲಿ ಸೆಲ್ಟಿಕ್ ಸೋತಿತು.

ಇನ್ನು ಬೆಲ್‌ಗ್ರೇಡ್ ಕಥೆ. ಇದನ್ನು ಹೇಳಲಿಕ್ಕೇ ನಾನು ಕೂತಿರುವುದು.

ಜಿಂಕಿಗೆ ವಿಮಾನ ಅಂದರೆ ಪ್ರಾಣಭಯ. 1968ರ ನವೆಂಬರ್. ಯುರೋಪಿಯನ್ ಕಪ್‌ನಲ್ಲಿ ಯುಗೊಸ್ಲಾವಿಯಾದ ರೆಡ್ ಸ್ಟಾರ್ ಕ್ಲಬ್ ಜೊತೆ ಎರಡು ಪಂದ್ಯ, ಎರಡರ ಗೋಲೂ ಕೂಡಿಸಿ ಗೆದ್ದವರ ತೀರ್ಮಾನ. ಮೊದಲನೆಯದು ಗ್ಲಾಸ್ಗೋದಲ್ಲಿ, ಎರಡನೆಯದು ಬೆಲ್‌ಗ್ರೇಡ್‌ನಲ್ಲಿ. ಹೋಗಬೇಕಾದರೆ ವಿಮಾನವೇ ಗತಿ. ಮೊದಲ ಪಂದ್ಯದ ಅರ್ಧ ಆಟ ಮುಗಿದಾಗ 1-1. ಸ್ಟೀನ್ ಅವನಿಗೆ ಒಂದು ಕರಾರು ಹಾಕಿದರು: ನಾಲ್ಕು ಗೋಲಿನ ಅಂತರದಲ್ಲಿ ಗೆದ್ದರೆ ನೀನು ಬೆಲ್‌ಗ್ರೇಡಿಗೆ ಬರುವುದು ಬೇಡ.

ಆಮೇಲೆ ಆಗಿದ್ದನ್ನು ಅಜ್ಜ ಹೇಳುವಾಗ, ರೇಂಜರ್ಸ್‌ನವರು ಅನ್ನುವುದನ್ನೇ ಮರೆತುಬಿಡುತ್ತಿದ್ದರು. ಎರಡನೇ ಅರ್ಧ ಶುರುವಾಗಿ ಎರಡು ಮೂರು ನಿಮಿಷಕ್ಕೆ ಜಿಂಕಿಯ ಗೋಲು. ಆಮೇಲೆ ಬಾಬಿ ಲೆನಾಕ್ಸ್, ವಿಲ್ಲಿ ವಾಲೇಸ್. 4-1 ಆಯಿತು. ಇನ್ನೊಂದು ಬೇಕು. ಬಾಲು ಎಲ್ಲಿದೆಯೋ ಅಲ್ಲಿ ಜಿಂಕಿ, ನನಗೆ ಕೊಡಿ, ನನಗೆ ಕೊಡಿ ಅಂತ. ಆಟ ಮುಗಿಯಲು ಹತ್ತು ನಿಮಿಷ ಇರುವಾಗ ಐದನೆಯದನ್ನೂ ಅವನೇ ಹೊಡೆದ. ಕಪ್ ಗೆದ್ದವನ ಹಾಗೆ ಕೈ ಎತ್ತಿಕೊಂಡು, ನಾನು ಹೋಗೋದು ಬೇಡ, ನಾನು ಹೋಗೋದು ಬೇಡ ಎಂದು ಕೂಗುತ್ತಾ ಓಡಿದನಂತೆ. ಈ ಗುಟ್ಟು ಗೊತ್ತಿಲ್ಲದ ಜನಕ್ಕೆ ಇವನಿಗೆ ಏನಾಯಿತು ಅಂತ ಆಶ್ಚರ್ಯವಾಗಿರಬೇಕು. ಸ್ಟೀನ್ ಮಾತು ಉಳಿಸಿಕೊಂಡರು. ಬೆಲ್‌ಗ್ರೇಡ್‌ನಲ್ಲಿ ಅವನಿಲ್ಲದೆ ಆಡಿ 1-1 ಮಾಡಿಕೊಂಡು ಬಂದರು.

ಹೆದರಿದವನು ಆಡಲ್ಲ ಅಂದಿದ್ದರಲ್ಲ ನಮ್ಮ ಮೇಷ್ಟ್ರು, ಈ ಕಥೆ ಕೇಳಿದ ರಾತ್ರಿ ಅವರ ಜೊತೆ ಮನಸ್ಸಿನಲ್ಲೇ ಜಗಳವಾಡಿದೆ. ಆ ದಿನ ಅವನು ಆಡಿದ್ದೇ ಹೆದರಿಕೆಯಿಂದ ಅಲ್ವಾ ಸಾರ್? ಬಿಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತವನ ಕಾಲಿಗೆ ಬೇರೆಯೇ ಚುರುಕು ಇರುತ್ತದೆ. ನಾನೂ ಚೆನ್ನಾಗಿ ಓಡುತ್ತಿದ್ದೆ, ನೀವೇ ಹೇಳುತ್ತಿದ್ದಿರಿ. ನಾನು ಓಡುತ್ತಿದ್ದುದು ಗೋಲಿನ ಕಡೆಗಲ್ಲ, ಆ ದಪ್ಪ ಹುಡುಗನಿಂದ ಆಚೆಗೆ. ಮೇಷ್ಟ್ರು ಈಗಿಲ್ಲ. ಇದ್ದಿದ್ದರೆ "ಬಾಯಿ ಮುಚ್ಕೊಂಡು ಎರಡು ರೌಂಡ್ ಓಡು" ಅನ್ನುತ್ತಿದ್ದರು.

ಬರಿಗಾಲು ಅಂದಾಗ ನೆನಪಾಯಿತು. ಸೆಲ್ಟಿಕ್‌ಗೆ ನಮ್ಮ ದೇಶದ ವಿಂಗರ್ ಒಬ್ಬ ಆಡಿದ್ದಾನೆ. 1936ರಲ್ಲಿ, ಕಲ್ಕತ್ತಾದ ಮೊಹಮ್ಮದ್ ಸಲೀಂ. ಎರಡನೇ ಟೀಮಿನ ಪಂದ್ಯಗಳಲ್ಲಿ ಬೂಟಿಲ್ಲದೆ, ಕಾಲಿಗೆ ಬರೀ ಬ್ಯಾಂಡೇಜ್ ಸುತ್ತಿಕೊಂಡು. ಇದನ್ನು ಹೇಳಿದಾಗ ಅಜ್ಜ ಮೊದಲು ನಂಬಲಿಲ್ಲ.

ಜಿಂಕಿಯನ್ನು ದೇವರು ಮಾಡುವುದು ನನಗೆ ಬೇಡ. ಕುಡಿತ ಇತ್ತು, ಶಿಸ್ತು ಕಮ್ಮಿ ಇತ್ತು, ಸ್ಟೀನ್‌ಗೆ ಅವನನ್ನು ಕಾಯುವುದೇ ಒಂದು ಕೆಲಸ. 1974ರ ಮೇ ತಿಂಗಳಲ್ಲಿ ಲಾರ್ಗ್ಸ್ ಎಂಬ ಸಮುದ್ರದಂಡೆಯ ಊರಿನಲ್ಲಿ ಸ್ಕಾಟ್ಲೆಂಡ್ ಟೀಮ್ ಉಳಿದುಕೊಂಡಿತ್ತು. ರಾತ್ರಿಯೆಲ್ಲಾ ಕುಡಿದು ಬೆಳಗಿನ ಜಾವ ಇವನು ಒಂದು ದೋಣಿ ಹತ್ತಿದ. ದೋಣಿ ಸಮುದ್ರಕ್ಕೆ ತೇಲಿಕೊಂಡು ಹೋಯಿತು. ಕರಾವಳಿ ಕಾವಲಿನವರು ಹೋಗಿ ಎಳೆದು ತರಬೇಕಾಯಿತು. ಪೇಪರಿನವರು ಉಗಿದರು. ಕೆಲವೇ ದಿನದಲ್ಲಿ ಇಂಗ್ಲೆಂಡ್ ವಿರುದ್ಧ 2-0 ಗೆಲುವು, ಜಿಂಕಿಯದು ಭರ್ಜರಿ ಆಟ. ಆಮೇಲೆ ವಿಶ್ವಕಪ್‌ಗೆ ಕರೆದುಕೊಂಡು ಹೋಗಿ ಒಂದು ನಿಮಿಷವೂ ಆಡಿಸಲಿಲ್ಲ. ಇದು ನನಗೆ ಇವತ್ತಿಗೂ ಹೊಟ್ಟೆ ಉರಿ. ದೇಶಕ್ಕೆ ಅವನು ಆಡಿದ್ದು ಬರೀ 23 ಪಂದ್ಯ. ಅದಕ್ಕೆ ಒಂದು ಕಾರಣ ರೇಂಜರ್ಸ್‌ನ ವಿಲ್ಲಿ ಹೆಂಡರ್ಸನ್. ಅವನೂ ಕುಳ್ಳ, ಅವನೂ ರೈಟ್ ವಿಂಗ್. ಇಬ್ಬರಿಗೂ ಸೇರಿ ಇರುವುದು ಒಂದೇ ಜಾಗ. "ನಮ್ಮ ವಿಲ್ಲಿ ಏನು ಕಮ್ಮಿ?" ಎಂದು ಅಜ್ಜ ವಾರಕ್ಕೊಮ್ಮೆ ಎದೆ ಸೆಟೆಸುತ್ತಿದ್ದರು. ಅವರಿಬ್ಬರು ಮಾತ್ರ ಕೊನೆಯವರೆಗೂ ಗೆಳೆಯರು.

ಸೆಲ್ಟಿಕ್‌ಗೆ 515 ಪಂದ್ಯ, 130ರ ಆಸುಪಾಸು ಗೋಲು. 1975ರಲ್ಲಿ ಬಿಟ್ಟ. ಅಮೆರಿಕದ ಸ್ಯಾನ್ ಹೋಸೆ, ಶೆಫೀಲ್ಡ್, ಡಂಡಿ, ಡಬ್ಲಿನ್, ಎಲ್ಗಿನ್, ಹೀಗೆ ಊರೂರು ಸುತ್ತಿದ. ಆಮೇಲೆ ಲಾರಿ ಓಡಿಸಿದ, ಕಟ್ಟಡದ ಕೆಲಸ ಮಾಡಿದ. 2001ರಲ್ಲಿ ಮೋಟಾರ್ ನ್ಯೂರಾನ್ ಕಾಯಿಲೆ ಅಂತ ಗೊತ್ತಾಯಿತು. ನರ ಸೋತು ಸ್ನಾಯುಗಳು ಒಂದೊಂದಾಗಿ ಮಾತು ಕೇಳದಂತಾಗುವ ಕಾಯಿಲೆ. ಮರುವರ್ಷ ಸೆಲ್ಟಿಕ್‌ನ ಜನ ವೋಟು ಹಾಕಿ ಅವನನ್ನೇ ಕ್ಲಬ್ಬಿನ ಸಾರ್ವಕಾಲಿಕ ಶ್ರೇಷ್ಠ ಆಟಗಾರ ಎಂದರು.

2006ರ ಮಾರ್ಚ್ 13, ಸೋಮವಾರ. ಮಾರನೆಯ ಬೆಳಗ್ಗೆ ಅಜ್ಜ ಹಾಲು ಕೊಳ್ಳಲಿಲ್ಲ. ಪೇಪರು ಮಾತ್ರ ತೆಗೆದುಕೊಂಡು ಮೊದಲ ಪುಟ ನನ್ನ ಕಡೆ ತಿರುಗಿಸಿದರು. ಜಿಂಕಿ ಹೋಗಿದ್ದ, 61ನೇ ವಯಸ್ಸಿಗೆ.

ಶುಕ್ರವಾರ ಇಬ್ಬರೂ ಬಸ್ಸು ಹತ್ತಿ ಸೆಲ್ಟಿಕ್ ಪಾರ್ಕ್‌ಗೆ ಹೋದೆವು. ಅಂದು ಐರಿಷ್ ಜನರ ಹಬ್ಬ ಸಂತ ಪ್ಯಾಟ್ರಿಕ್ ದಿನ ಬೇರೆ. ಗೇಟಿನ ಮುಂದೆ ಸಾವಿರಾರು ಜನ, ಹೂವು, ಹಸಿರು ಬಿಳಿ ಸ್ಕಾರ್ಫುಗಳ ರಾಶಿ. ಅದರ ನಡುವೆ ಅಲ್ಲೊಂದು ಇಲ್ಲೊಂದು ನೀಲಿ. ಅಜ್ಜ ಕೋಟಿನ ಗುಂಡಿ ಬಿಚ್ಚಿ ಒಳಗಿನಿಂದ ತಮ್ಮದನ್ನು ತೆಗೆದರು. ಬಸ್ಸಿನಲ್ಲಿ ಅದು ಕಾಣದ ಹಾಗೆ ಇಟ್ಟುಕೊಂಡಿದ್ದರು. ಬಗ್ಗಲು ಮಂಡಿ ಬಿಡಲಿಲ್ಲ. ನನ್ನ ಕೈಗೆ ಕೊಟ್ಟು, "ನೀನೇ ಇಡು, ನೀನು ರೈಟ್ ಔಟ್" ಅಂದರು.

ಭಾನುವಾರ ಲೀಗ್ ಕಪ್ ಫೈನಲ್. ಸೆಲ್ಟಿಕ್‌ನ ಪ್ರತಿಯೊಬ್ಬ ಆಟಗಾರನೂ ಅಂದು ನಂಬರ್ 7 ಹಾಕಿಕೊಂಡೇ ಇಳಿದ. ಅಂಗಡಿಯ ಸಣ್ಣ ಟಿವಿಯಲ್ಲಿ ನೋಡಿದೆ. ಎತ್ತ ನೋಡಿದರೂ ಏಳು.

ರಾತ್ರಿ ಊರಿಗೆ ಫೋನ್ ಮಾಡಿ ಅಪ್ಪನನ್ನು ಕೇಳಿದೆ, ಗಣಿ ಬೂಟು ಇನ್ನೂ ಇದೆಯಾ ಅಂತ.

"ಒಂದು ಇದೆ. ನಿಮ್ಮಮ್ಮ ಅದರಲ್ಲಿ ಮೊಳೆ, ಸುತ್ತಿಗೆ ಹಾಕಿಟ್ಟಿದ್ದಾಳೆ. ಯಾಕೋ, ಈಗ್ಯಾಕೆ ಬೇಕಾಯ್ತು?"

"ಏನಿಲ್ಲಪ್ಪ. ಸುಮ್ನೆ" ಅಂದೆ.