ಕತೆ ತಿಳಿಯದೆ ಕಾನ್ಸೆಪ್ಟ್ ಆಲ್ಬಮ್ ಕೇಳಬಹುದೇ?

ಬ್ರಿಟನ್ನಿನ ರಾಕ್ ತಂಡ ಜೆಥ್ರೋ ಟಲ್‌ನ ಮಾತು ತೆಗೆದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು: ಇವರ ಕಾನ್ಸೆಪ್ಟ್ ಆಲ್ಬಮ್‌ಗಳ (ಎಲ್ಲ ಹಾಡುಗಳನ್ನೂ ಒಂದೇ ಕತೆ ಅಥವಾ ವಿಷಯಕ್ಕೆ ಪೋಣಿಸಿದ ಆಲ್ಬಮ್‌ಗಳ) ಕತೆ ತಲೆಗೆ ಹತ್ತುವುದಿಲ್ಲ, ಆದರೂ ಕೇಳಬಹುದೇ? ಧಾರಾಳವಾಗಿ ಕೇಳಬಹುದು. ಈ ತಂಡದ ಮಟ್ಟಿಗೆ ಕತೆಯ ಬೆನ್ನು ಹತ್ತಿದವರೇ ಹೆಚ್ಚು ತೊಂದರೆಪಡುತ್ತಾರೆ.

1971ರ ‘ಆಕ್ವಾಲಂಗ್’ ಅನ್ನು ವಿಮರ್ಶಕರು ಕಾನ್ಸೆಪ್ಟ್ ಆಲ್ಬಮ್ ಎಂದು ಕರೆದರು. ಬೀದಿಪಾಲಾದ ಮುದುಕನೊಬ್ಬನ ಹಾಡು, ಚರ್ಚನ್ನು ಕುಟುಕುವ ಹಾಡುಗಳು ಅದರಲ್ಲಿವೆ, ನಿಜ. ಆದರೆ ಅವು ಬಿಡಿ ಹಾಡುಗಳೇ ಎಂದು ತಂಡದ ಗಾಯಕ, ಕೊಳಲುವಾದಕ ಇಯಾನ್ ಆ್ಯಂಡರ್ಸನ್ ಹೇಳುತ್ತಲೇ ಬಂದರು. ಹಾಗಾದರೆ ಇಗೋ ತೆಗೆದುಕೊಳ್ಳಿ ಎಂಬಂತೆ 1972ರಲ್ಲಿ ‘ಥಿಕ್ ಆ್ಯಸ್ ಎ ಬ್ರಿಕ್’ ಬಂತು. ಎಲ್‌ಪಿ ಗ್ರಾಮಫೋನ್ ತಟ್ಟೆಯ ಎರಡೂ ಬದಿ ಸೇರಿ ಒಂದೇ ಹಾಡು, ಸುಮಾರು 44 ನಿಮಿಷ!

ಅದರ ಸಾಹಿತ್ಯ ಜೆರಾಲ್ಡ್ ಬೋಸ್ಟಾಕ್ ಎಂಬ ಎಂಟು ವರ್ಷದ ಹುಡುಗನದಂತೆ. ಕವನ ಸ್ಪರ್ಧೆಯಲ್ಲಿ ಗೆದ್ದಿದ್ದನಂತೆ. ಬದುಕು, ದೇವರು, ದೇಶದ ಬಗ್ಗೆ ಹುಡುಗನ ಧೋರಣೆ ಸರಿಯಿಲ್ಲವೆಂದು ಬಹುಮಾನ ಕಿತ್ತುಕೊಂಡರಂತೆ. ಎಲ್ಲವೂ ಕಟ್ಟುಕತೆ. ಆಲ್ಬಮ್ಮಿನ ಹೊದಿಕೆಯೇ 12 ಪುಟಗಳ ಒಂದು ಊರ ಪತ್ರಿಕೆ. ಜೆರಾಲ್ಡನ ಸುದ್ದಿಯ ಜೊತೆಗೆ ಪದಬಂಧವಿದೆ, ಇದೇ ಆಲ್ಬಮ್ಮಿನ ವಿಮರ್ಶೆಯೂ ಇದೆ. ವಿಮರ್ಶಕರ ಪಾಲಿನ ಕೆಲಸವನ್ನೂ ತಾವೇ ಮುಗಿಸಿಕೊಟ್ಟಿದ್ದರು. ಈ ಕುಚೋದ್ಯ ಅಮೆರಿಕದ ಆಲ್ಬಮ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಆದ್ದರಿಂದ ಕತೆಯನ್ನು ಬದಿಗಿಟ್ಟು ಮೊದಲ ಮೂರು ನಿಮಿಷ ಕೇಳಿ. ಅಕೌಸ್ಟಿಕ್ ಗಿಟಾರ್, ನಡುನಡುವೆ ಇಣುಕುವ ಕೊಳಲು, ಏರದ ದನಿ. ನೀವು ಕೇಳದೆ ಸುಮ್ಮನೆ ಕೂತರೂ ನನಗೇನೂ ಬೇಸರವಿಲ್ಲ ಎಂಬ ಧಾಟಿಯಲ್ಲೇ ಹಾಡು ಶುರುವಾಗುತ್ತದೆ. ಆಮೇಲೆ ಇಡೀ ತಂಡ ಒಮ್ಮೆಲೇ ನುಗ್ಗುತ್ತದೆ: ಜಾನ್ ಇವಾನ್ ಅವರ ಆರ್ಗನ್, ಮಾರ್ಟಿನ್ ಬಾರ್ ಅವರ ಎಲೆಕ್ಟ್ರಿಕ್ ಗಿಟಾರ್, ಎಣಿಸಲು ಹೊರಟರೆ ತಪ್ಪಿಸಿಕೊಳ್ಳುವ ತಾಳಗಳು. ಮೊದಲು ಕೇಳಿದ ಎಳೆಗಳು ವೇಗ ಬದಲಿಸಿ, ವಾದ್ಯ ಬದಲಿಸಿ ಮತ್ತೆ ಮತ್ತೆ ಬರುತ್ತವೆ. ಕೀರ್ತನೆಯಲ್ಲಿ ಅನುಪಲ್ಲವಿ, ಚರಣ ಸುತ್ತಿ ಪಲ್ಲವಿಗೆ ಮರಳಿದಾಗ ಸಿಗುವ ನೆಮ್ಮದಿ ಇಲ್ಲೂ ಸಿಗುತ್ತದೆ. ಈ ದೀರ್ಘ ಹಾಡನ್ನು ಒಟ್ಟಾಗಿ ಹಿಡಿದಿರುವುದು ಆ ಎಳೆಗಳೇ ಹೊರತು ಜೆರಾಲ್ಡನಲ್ಲ.

ಮರುವರ್ಷದ ‘ಎ ಪ್ಯಾಶನ್ ಪ್ಲೇ’ ನನಗೆ ಅಷ್ಟು ಒಗ್ಗುವುದಿಲ್ಲ. ಸತ್ತವನೊಬ್ಬನ ಪರಲೋಕ ಯಾತ್ರೆ, ನಡುವೆ ಕನ್ನಡಕ ಕಳೆದುಕೊಂಡ ಮೊಲದ ಕತೆ ಬೇರೆ! ಅದೂ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು, ವಿಮರ್ಶಕರು ಮಾತ್ರ ಚೆನ್ನಾಗಿ ಝಾಡಿಸಿದರು. ಕೊಳಲನ್ನು ಹಿಂದಕ್ಕೆ ತಳ್ಳಿ ಸ್ಯಾಕ್ಸೊಫೋನ್ ಮುಂದೆ ಬಂದದ್ದಂತೂ ನನಗೆ ಇಂದಿಗೂ ಹಿಡಿಸಿಲ್ಲ.

2012ರಲ್ಲಿ ಆ್ಯಂಡರ್ಸನ್ ‘ಥಿಕ್ ಆ್ಯಸ್ ಎ ಬ್ರಿಕ್’ಗೆ ಎರಡನೇ ಭಾಗ ತಂದರು. ಜೆರಾಲ್ಡ್ ಬೆಳೆದು ಬ್ಯಾಂಕ್ ಧಣಿಯಾಗಿರಬಹುದೇ, ಸೈನಿಕನಾಗಿರಬಹುದೇ, ಅಂಗಡಿ ಇಟ್ಟಿರಬಹುದೇ ಎಂದು ಅದು ಹಲವು ಬದುಕುಗಳನ್ನು ಊಹಿಸುತ್ತದೆ. ಇದಕ್ಕೆ ಮಾತ್ರ ಕತೆ ಗೊತ್ತಿರಬೇಕು, ಕೊನೆಗೆ ಕೇಳಿ.